ನಾನೇ ಬಾಯಿ ಮುಚ್ಚಿಸಿದ ಎಚ್ಚರಿಕೆ: ಮಿಂಟ್‌ನಿಂದ ಆರ್ಚ್‌ಗೆ ಹೋದ ಒಂದು ಲ್ಯಾಪ್‌ಟಾಪ್‌ನ ಪ್ರಕರಣ

ಯಂತ್ರ ಒಂದು ಲ್ಯಾಪ್‌ಟಾಪ್: ಇಂಟೆಲ್ ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎನ್‌ವಿಎಂಇ ಡ್ರೈವ್. ವಿಂಡೋಸ್ ಇಲ್ಲ, ಲಿನಕ್ಸ್ ಒಂದೇ. ಬಳಸುವವನು ನಾನು. ಕೆಲಸ ಬರವಣಿಗೆ, ಅನುವಾದ, ವಿಡಿಯೊ ಕರೆ, ಒಂದಿಷ್ಟು ಪೈಥಾನ್. ಸಿಸ್ಟಂ ಅಡ್ಮಿನ್ ಅಲ್ಲ. ಟರ್ಮಿನಲ್ ಎಂದರೆ ಹೆದರಿಕೆಯಿಲ್ಲ, ಆದರೆ ಅಲ್ಲಿ ನಾನು ಕೊಡುತ್ತಿದ್ದ ಕಮಾಂಡ್‌ಗಳಲ್ಲಿ ಅರ್ಧ ಎಲ್ಲಿಂದಲೋ ಎತ್ತಿ ಅಂಟಿಸಿದವು. ಈ ವಿವರ ಮುಂದೆ ಬೇಕಾಗುತ್ತದೆ.

ಆರು ವರ್ಷ ಲಿನಕ್ಸ್ ಮಿಂಟ್ ಬಳಸಿದೆ; ಲಿನಕ್ಸ್‌ನ ಒಂದು ಸಿದ್ಧರೂಪ, ಅಂದರೆ ಡಿಸ್ಟ್ರೊ, ಅದು. ಅದರ ಮೇಲೆ ದೂರಿಲ್ಲ. ಬಿಡುವ ಹೊತ್ತಿಗೆ ನನ್ನಲ್ಲಿದ್ದದ್ದು ಮಿಂಟ್ 21. ಅದು ನಿಂತಿರುವುದು ಇನ್ನೊಂದು ಡಿಸ್ಟ್ರೊ ಆದ ಉಬುಂಟು 22.04ರ ಮೇಲೆ. ಅಂದರೆ 2022ರ ಏಪ್ರಿಲ್‌ನಲ್ಲಿ ಬೇರು ಬಿಟ್ಟ ಪ್ಯಾಕೇಜ್‌ಗಳಿಗೆ (ತಂತ್ರಾಂಶದ ಕಟ್ಟುಗಳಿಗೆ) ಭದ್ರತಾ ತೇಪೆಗಳು ಬರುತ್ತವೆ, ಹೊಸ ಆವೃತ್ತಿಗಳು ಹೆಚ್ಚಾಗಿ ಬರುವುದಿಲ್ಲ. ಹೊಸದು ಬೇಕೆಂದಾಗಲೆಲ್ಲ ಒಂದೊಂದು ಪಿಪಿಎ (ಹೊರಗಿನವರು ನಡೆಸುವ ಪ್ಯಾಕೇಜ್ ಭಂಡಾರ) ಸೇರಿಸಿದೆ, ಒಂದೆರಡು ಫ್ಲ್ಯಾಟ್‌ಪ್ಯಾಕ್ (ಯಾವ ಡಿಸ್ಟ್ರೊದಲ್ಲೂ ಓಡುವ ಸ್ವತಂತ್ರ ಪ್ಯಾಕೇಜ್) ಹಾಕಿದೆ, ಇನ್ನೊಂದನ್ನು ಸೋರ್ಸ್‌ನಿಂದ ಕಟ್ಟಿ ಎಲ್ಲೋ ಇಟ್ಟು ಮರೆತೆ. ಮಿಂಟ್ 22ಕ್ಕೆ ಏರಲು ಹೊರಟಾಗ ಆ ಪಿಪಿಎಗಳನ್ನೆಲ್ಲ ಕಿತ್ತುಹಾಕಬೇಕಿತ್ತು. ಯಾವುದು ಏಕೆ ಅಲ್ಲಿದೆ ಎಂದು ನನಗೇ ನೆನಪಿರಲಿಲ್ಲ. ಎರಡು ಸಾವಿರಕ್ಕೂ ಹೆಚ್ಚು ಪ್ಯಾಕೇಜ್‌ಗಳಿದ್ದ ಪಟ್ಟಿಯಲ್ಲಿ ನಾನಾಗಿ ಕೇಳಿ ಹಾಕಿಸಿಕೊಂಡವು ಎಷ್ಟು ಎಂದು ಎಣಿಸಲು ಹೋಗಿ ಸೋತೆ.

ಆರ್ಚ್ ಹಿಡಿದದ್ದು ಈ ಕಾರಣಕ್ಕೆ. ವೇಗದ ಆಸೆಗಲ್ಲ. ಇದೇ ಯಂತ್ರದಲ್ಲಿ ಎರಡರ ನಡುವೆ ಕಣ್ಣಿಗೆ ಕಾಣುವ ವೇಗದ ಅಂತರ ಸಿಗಲೂ ಇಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಏನಿದೆ ಎಂದು ನನಗೆ ಗೊತ್ತಿರಬೇಕು, ಅಷ್ಟೆ.

ಮೊದಲ ರಾತ್ರಿ

ಆರ್ಚ್ ಲಿನಕ್ಸ್ 2002ರಲ್ಲಿ ಜಡ್ ವಿನೆಟ್ ಶುರು ಮಾಡಿದ ಡಿಸ್ಟ್ರೊ. ಅದಕ್ಕೆ ಮಿಂಟ್ 21, ಮಿಂಟ್ 22 ಎಂಬಂಥ ಮೆಟ್ಟಿಲುಗಳಿಲ್ಲ; ಪ್ಯಾಕೇಜ್‌ಗಳು ಹೊಸದಾದ ಹಾಗೆಲ್ಲ ಹರಿದು ಬರುತ್ತಲೇ ಇರುತ್ತವೆ. 2021ರ ಏಪ್ರಿಲ್‌ನಿಂದ ಅದರ ಇನ್‌ಸ್ಟಾಲ್ ಪೆನ್‌ಡ್ರೈವ್‌ನಲ್ಲಿ ಆರ್ಚ್‌ಇನ್‌ಸ್ಟಾಲ್ ಎಂಬ ಸಹಾಯಕವೂ ಇದೆ. ಪ್ರಶ್ನೆ ಕೇಳುತ್ತದೆ, ಉತ್ತರ ಕೊಟ್ಟರೆ ಮಿಕ್ಕಿದ್ದನ್ನು ತಾನೇ ನೋಡಿಕೊಳ್ಳುತ್ತದೆ. ನಾನು ಅದನ್ನು ಮುಟ್ಟಲಿಲ್ಲ. ಕಲಿಯಲಿಕ್ಕೆಂದೇ ಬಂದವನು ಅಡ್ಡದಾರಿ ಏಕೆ ಹಿಡಿಯಲಿ ಎಂಬ ಹಮ್ಮು. ಅದನ್ನು ಬಳಸಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲ ಎಂಬುದನ್ನು ಈಗಲೇ ಹೇಳಿಬಿಡುತ್ತೇನೆ.

ಆರ್ಚ್ ವಿಕಿಯ ಇನ್‌ಸ್ಟಾಲ್ ಮಾರ್ಗದರ್ಶಿಯನ್ನು ಫೋನಿನಲ್ಲಿ ತೆರೆದಿಟ್ಟುಕೊಂಡು ಕೂತೆ. ಡ್ರೈವ್‌ನಲ್ಲಿ ಎರಡು ಪಾರ್ಟಿಷನ್: ಯಂತ್ರವನ್ನು ಎಬ್ಬಿಸುವ ಫರ್ಮ್‌ವೇರ್ ಆದ ಯುಇಎಫ್‌ಐಗೆ ಬೇಕಾದ ಇಎಸ್‌ಪಿ ಎಂಬ ಬೂಟ್ ಭಾಗ ಫ್ಯಾಟ್32ರಲ್ಲಿ, ಉಳಿದದ್ದೆಲ್ಲ ರೂಟ್ (ವ್ಯವಸ್ಥೆ ಕೂರುವ ಭಾಗ), ಇಎಕ್ಸ್‌ಟಿ4ರಲ್ಲಿ. ರೂಟನ್ನು ಮೌಂಟ್ ಮಾಡಿ (ಅಂದರೆ ಬಳಕೆಗೆ ಜೋಡಿಸಿ), ಅದರೊಳಗಿನ ಬೂಟ್ ಫೋಲ್ಡರ್‌ಗೆ ಇಎಸ್‌ಪಿಯನ್ನು ಮೌಂಟ್ ಮಾಡಿ, ಪ್ಯಾಕ್‌ಸ್ಟ್ರ್ಯಾಪ್‌ನಿಂದ ಮೂಲ ಪ್ಯಾಕೇಜ್‌ಗಳನ್ನು ಇಳಿಸಿ, ಜೆನ್‌ಎಫ್‌ಎಸ್‌ಟ್ಯಾಬ್‌ನಿಂದ ಎಫ್‌ಎಸ್‌ಟ್ಯಾಬ್ (ಬೂಟ್ ಆಗುವಾಗ ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಆಗಬೇಕೆಂಬ ಪಟ್ಟಿ) ಬರೆಸಿ, ಸಿಸ್ಟಂಡಿ-ಬೂಟ್ ಎಂಬ ಬೂಟ್‌ಲೋಡರ್ ಹಾಕಿದೆ. ಒಂದೂವರೆ ಗಂಟೆಯಲ್ಲಿ ಮುಗಿಯಿತು. ಇಷ್ಟೇನಾ ಎಂದುಕೊಂಡು ರೀಬೂಟ್ ಮಾಡಿದೆ.

ಕಪ್ಪು ಪರದೆಯಲ್ಲಿ ಲಾಗಿನ್ ಬಂತು. ನೆಟ್‌ವರ್ಕ್ ಇರಲಿಲ್ಲ.

ಪೆನ್‌ಡ್ರೈವ್‌ನಲ್ಲಿದ್ದ ವ್ಯವಸ್ಥೆಗೆ ವೈ-ಫೈ ಹಿಡಿಯಲು ಬರುತ್ತಿತ್ತು, ಡ್ರೈವ್‌ಗೆ ಇಳಿಸಿದ ವ್ಯವಸ್ಥೆಗೆ ಬರುತ್ತಿರಲಿಲ್ಲ. ಆರ್ಚ್‌ನ ಬೇಸ್ ಎಂದರೆ ಅಷ್ಟು ಬೋಳು. 2019ರ ಅಕ್ಟೋಬರ್‌ನಿಂದ ಅದರೊಳಗೆ ಕರ್ನಲ್ (ವ್ಯವಸ್ಥೆಯ ತಿರುಳು) ಕೂಡ ಇಲ್ಲ, ಅದನ್ನೂ ಹೆಸರಿಟ್ಟು ಕೇಳಬೇಕು. ಕರ್ನಲ್ ಕೇಳಿದ್ದೆ. ನೆಟ್‌ವರ್ಕ್‌ಮ್ಯಾನೇಜರ್ ಕೇಳಿರಲಿಲ್ಲ. ಹೊಸಬರೆಲ್ಲ ಎಡವುವ ಕಲ್ಲು ಇದು, ವಿಶೇಷವೇನಿಲ್ಲ. ಮತ್ತೆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಆರ್ಚ್-ಕ್ರೂಟ್‌ನಿಂದ ಡ್ರೈವ್‌ನ ವ್ಯವಸ್ಥೆಯ ಒಳಹೊಕ್ಕು, ಒಂದು ಪ್ಯಾಕೇಜ್ ಹಾಕಿ ಬಂದರೆ ಮುಗಿಯಿತು.

ಆದರೆ ಆಗ ರಾತ್ರಿ ಹನ್ನೆರಡೂವರೆ. ಮಾರ್ಗದರ್ಶಿಯ ಪುಟವನ್ನು ಮೇಲಿನಿಂದ ಓದುತ್ತ ಹೋದೆ, ಓದಿದ್ದನ್ನು ಕೈ ಟೈಪಿಸುತ್ತ ಹೋಯಿತು. ಮೌಂಟ್ ಮಾಡುವ ಸಾಲಿಗಿಂತ ಮೇಲೆ ಫಾರ್ಮ್ಯಾಟ್ ಮಾಡುವ ಸಾಲಿದೆ. ಇಎಸ್‌ಪಿಗೆ ಎರಡನೇ ಸಲ ಫಾರ್ಮ್ಯಾಟ್ ಕೊಟ್ಟು ಎಂಟರ್ ಒತ್ತಿದ ಮೇಲೆ ತಿಳಿಯಿತು. ರೂಟ್‌ಗೆ ಅದೇ ಮಾಡುವ ಮೊದಲು ಕೈ ನಿಂತಿತು ಎಂಬುದೊಂದೇ ಪುಣ್ಯ. ಅಳಿಸಿಹೋದದ್ದು ಕರ್ನಲ್, ಬೂಟ್‌ಲೋಡರ್ ಮತ್ತು ಅದರ ಮೆನು ನಮೂದು. ಮೂರನ್ನೂ ಮತ್ತೆ ಹಾಕಿದೆ, ನೆಟ್‌ವರ್ಕ್‌ಮ್ಯಾನೇಜರನ್ನೂ ಹಾಕಿದೆ. ಎಫ್‌ಎಸ್‌ಟ್ಯಾಬ್ ಮುಟ್ಟಲಿಲ್ಲ. ಆಗಲೇ ಬರೆದಾಗಿದೆಯಲ್ಲ, ಇನ್ನೇನು ಎಂದುಕೊಂಡೆ.

ಫೈಲ್‌ಸಿಸ್ಟಂ ಹೊಸದಾಗಿ ಮಾಡಿದಾಗಲೆಲ್ಲ ಅದರ ಯುಯುಐಡಿ, ಅಂದರೆ ಗುರುತಿನ ಸಂಖ್ಯೆ, ಬದಲಾಗುತ್ತದೆ. ಎಫ್‌ಎಸ್‌ಟ್ಯಾಬ್ ಇನ್ನೂ ಹಳೆಯ ಯುಯುಐಡಿಯನ್ನೇ ಹಿಡಿದು ಕೂತಿತ್ತು.

ಮುಂದಿನ ಬೂಟ್‌ನಲ್ಲಿ ಪರದೆಯ ಮೇಲೆ ಒಂದು ಸಾಲು ಓಡಾಡುತ್ತ ನಿಂತಿತು: ಇಂಥ ಯುಯುಐಡಿಯ ಡಿವೈಸ್‌ಗಾಗಿ ಕಾಯುತ್ತಿದ್ದೇನೆ, ಗಡುವು 90 ಸೆಕೆಂಡ್. ಗಡುವು ಮುಗಿದು ಎಮರ್ಜೆನ್ಸಿ ಮೋಡ್‌ಗೆ ಬಿತ್ತು. ವ್ಯವಸ್ಥೆ ಕಾಯಿಲೆಯ ಹೆಸರನ್ನೇ ಹೇಳುತ್ತಿತ್ತು. ನಾನು ನಿದ್ದೆಗಣ್ಣಲ್ಲಿ ಹುಡುಕಿದ್ದು ಕಾಯಿಲೆಯನ್ನಲ್ಲ, ಕಾಯುವುದನ್ನು ತಪ್ಪಿಸುವ ದಾರಿಯನ್ನು. ಸಿಕ್ಕಿತು. ಎಫ್‌ಎಸ್‌ಟ್ಯಾಬ್‌ನ ಆ ಸಾಲಿಗೆ 'ನೋಫೇಲ್' ಎಂಬ ಪದ ಸೇರಿಸಿದರೆ ಡಿವೈಸ್ ಸಿಗದಿದ್ದರೂ ಬೂಟ್ ಮುಂದುವರಿಯುತ್ತದೆ. ಸೇರಿಸಿದೆ. ಮುಂದುವರಿಯಿತು. ಅಳುವ ಮಗುವಿಗೆ ಹಸಿವೋ ಹೊಟ್ಟೆನೋವೋ ಎಂದು ನೋಡದೆ ಬಾಯಿ ಮುಚ್ಚಿದ್ದೆ. ಆದರೆ ಆ ಕ್ಷಣಕ್ಕೆ ನನಗನಿಸಿದ್ದು, ಅಬ್ಬಾ, ಮೊದಲ ದಿನವೇ ಒಂದು ಸಮಸ್ಯೆ ಬಗೆಹರಿಸಿದೆ ಎಂದು.

ಇಲ್ಲದ್ದು ಸದ್ದು ಮಾಡುವುದಿಲ್ಲ

ಮುಂದಿನ ವಾರ ಇಲ್ಲದವುಗಳನ್ನು ಒಂದೊಂದಾಗಿ ಕಂಡುಕೊಳ್ಳುವ ವಾರ. ಕೆಡಿಇ ಪ್ಲಾಸ್ಮಾ ಡೆಸ್ಕ್‌ಟಾಪ್ ಹಾಕಿದೆ, ಚೆಂದವಾಗಿ ಬಂತು. ಬ್ರೌಸರ್‌ನಲ್ಲಿ ಕನ್ನಡ ಪುಟ ತೆರೆದರೆ ಸಾಲುಸಾಲು ಖಾಲಿ ಚೌಕ. ಫಾಂಟ್ ಇಲ್ಲ. ನೋಟೊ ಫಾಂಟ್ ಹಾಕಿದ ಮೇಲೆ ಓದಲು ಬಂತು, ಬರೆಯಲು ಬರಲಿಲ್ಲ. ಟೈಪಿಂಗ್‌ಗೆ ಬೇಕಾದ ಎಫ್‌ಸಿಐಟಿಎಕ್ಸ್5 ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಕಗಪ ವಿನ್ಯಾಸ ಆರಿಸಿ, ಲಾಗ್‌ಔಟ್ ಆಗಿ ಬಂದ ಮೇಲೆ 'ಕ' ಮೂಡಿತು. ಮಿಂಟ್‌ನಲ್ಲಿ ಇದಕ್ಕೆ ಎರಡು ಕ್ಲಿಕ್ ಸಾಕಾಗಿತ್ತು. ಆ ಎರಡು ಕ್ಲಿಕ್‌ಗಳ ಹಿಂದೆ ಯಾರೋ ಕೂತು ಎಷ್ಟು ಮಾಡಿಟ್ಟಿದ್ದರು ಎಂದು ಅವತ್ತು ಗೊತ್ತಾಯಿತು.

ವಿಡಿಯೊ ಕರೆಯಲ್ಲಿ ಎದುರಿನವರಿಗೆ ನನ್ನ ದನಿ ಕೇಳಲಿಲ್ಲ. ಇದು ಸ್ವಲ್ಪ ತಲೆ ತಿಂದಿತು. ಸದ್ದನ್ನು ನೋಡಿಕೊಳ್ಳುವ ಪೈಪ್‌ವೈರ್ ಇದೆ, ವೈರ್‌ಪ್ಲಂಬರ್ ಇದೆ, ಆದರೆ ಸೆಟ್ಟಿಂಗ್ಸ್‌ನಲ್ಲಿ ಮೈಕ್ ಎಂಬ ಸಾಲೇ ಇಲ್ಲ. ಹೊಸ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಅನೇಕಕ್ಕೆ ಸೌಂಡ್ ಓಪನ್ ಫರ್ಮ್‌ವೇರ್ ಬೇಕು, ಆರ್ಚ್‌ನಲ್ಲಿ ಅದು ಸೋಫ್-ಫರ್ಮ್‌ವೇರ್ ಎಂಬ ಬೇರೆಯೇ ಪ್ಯಾಕೇಜ್. ಕರ್ನಲ್ ಲಾಗ್‌ನಲ್ಲಿ ಆ ಫೈಲ್ ಸಿಗಲಿಲ್ಲವೆಂದು ಸ್ಪಷ್ಟವಾಗಿ ಬರೆದಿತ್ತು, ನಾನು ನೋಡಿದ್ದು ಕೊನೆಗೆ. ಬ್ಲೂಟೂತ್ ಪ್ಯಾಕೇಜ್ ಇತ್ತು, ಸರ್ವಿಸ್ ಎನೇಬಲ್ ಆಗಿರಲಿಲ್ಲ. ಆರ್ಚ್‌ನಲ್ಲಿ ಪ್ಯಾಕೇಜ್ ಹಾಕಿದ ಮಾತ್ರಕ್ಕೆ ಸರ್ವಿಸ್ ಎದ್ದು ಓಡುವುದಿಲ್ಲ, ಏಳು ಎಂದು ಹೇಳಬೇಕು.

ಇವೆಲ್ಲ ಎರಡನೇ ದರ್ಜೆಯವು. ಮೈಕ್ ಇಲ್ಲದಿದ್ದರೆ ಒಂದು ಕರೆಯಲ್ಲಿ ಗೊತ್ತಾಗುತ್ತದೆ. ನನ್ನ ನಿದ್ದೆ ಕೆಡಿಸಿದ್ದು ಗೊತ್ತೇ ಆಗದ ಜಾತಿಯವು. ಎಸ್‌ಎಸ್‌ಡಿಗೆ ವಾರಕ್ಕೊಮ್ಮೆ ಟ್ರಿಮ್ (ಯಾವ ಜಾಗ ಖಾಲಿಯಾಗಿದೆ ಎಂಬ ಸೂಚನೆ) ಕಳಿಸುವ ಎಫ್‌ಎಸ್‌ಟ್ರಿಮ್ ಟೈಮರ್ ಉಬುಂಟುವಿನಲ್ಲಿ ತಾನಾಗಿಯೇ ಓಡುತ್ತಿರುತ್ತದೆ. ಆರ್ಚ್‌ನಲ್ಲಿ ಅದು ಡ್ರೈವ್‌ನಲ್ಲಿ ಸುಮ್ಮನೆ ಬಿದ್ದಿರುತ್ತದೆ, ನಾವಾಗಿ ಎನೇಬಲ್ ಮಾಡುವವರೆಗೆ. ಮಾಡದಿದ್ದರೆ ಯಾವ ದೋಷಸಂದೇಶವೂ ಬರುವುದಿಲ್ಲ. ಇಲ್ಲದಿರುವ ವಸ್ತು ತಾನಿಲ್ಲ ಎಂದು ಹೇಗೆ ಹೇಳೀತು? ಆ ಟೈಮರ್ ನನಗೆ ಸಿಕ್ಕಿದ್ದೂ ಆಕಸ್ಮಿಕವಾಗಿ, ವಿಕಿಯಲ್ಲಿ ಬೇರೇನೋ ಓದುವಾಗ.

ಆ ವಾರದ ಕೊನೆಗೆ ಎಲ್ಲ ಸರಿಹೋದಂತೆ ಕಂಡಿತು. ಒಂದು ದೊಡ್ಡ ಅನುವಾದದ ಗಡುವು ತಲೆ ಮೇಲಿತ್ತು. ಕೆಲಸ ಮುಗಿಯುವವರೆಗೆ ಏನನ್ನೂ ಅಪ್‌ಡೇಟ್ ಮಾಡುವುದಿಲ್ಲ ಎಂದು ನಿರ್ಧರಿಸಿ ಕೂತೆ. ಈ ಡಿಸ್ಟ್ರೊದಲ್ಲಿ ಅದೇನೂ ಜಾಣತನವಲ್ಲ, ಆದರೆ ಅವತ್ತು ಜಾಣತನದಂತೆ ತೋರಿತು.

23ನೇ ದಿನ

ಕೆಲಸ ಒಪ್ಪಿಸಿದ ಮೇಲೆ ಒಂದು ಸಣ್ಣ ಪ್ರೋಗ್ರಾಂ ಬೇಕಾಯಿತು. ಆರ್ಚ್‌ನಲ್ಲಿ ಪ್ಯಾಕೇಜ್ ಹಾಕಿಕೊಡುವ ಪ್ಯಾಕ್‌ಮ್ಯಾನ್‌ಗೆ ಹೇಳಿದರೆ 404, ಅಂದರೆ ಫೈಲ್ ಇಲ್ಲ ಎಂದು ಬಂತು. ನನ್ನ ಯಂತ್ರದ ಪಟ್ಟಿ ಮೂರು ವಾರ ಹಳೆಯದು, ಅದರಲ್ಲಿದ್ದ ಆವೃತ್ತಿಯನ್ನು ಪ್ಯಾಕೇಜ್ ಕೊಡುವ ಸರ್ವರ್ (ಮಿರರ್) ಆಗಲೇ ತೆಗೆದುಹಾಕಿತ್ತು. ಪಟ್ಟಿಯನ್ನಷ್ಟೇ ಹೊಸದು ಮಾಡಿ ಆ ಒಂದು ಪ್ಯಾಕೇಜ್ ಎಳೆದುಕೊಳ್ಳುವ ಆಸೆಯಾಯಿತು. ಅದು ಆರ್ಚ್‌ನಲ್ಲಿ ಮಾಡಬಾರದ ಕೆಲಸ: ಹೊಸ ಪ್ರೋಗ್ರಾಂ ಹೊಸ ಲೈಬ್ರರಿಯನ್ನು ಕೇಳುತ್ತದೆ, ಉಳಿದವು ಹಳೆಯದನ್ನು ಹಿಡಿದಿರುತ್ತವೆ, ಎರಡರ ನಡುವೆ ಯಾವುದಾದರೂ ಒಂದು ಮುರಿಯುತ್ತದೆ. ಆ ಪಾಠ ಓದಿದ್ದೆ. ಹಾಗಾಗಿ ಪುಸ್ತಕದಲ್ಲಿದ್ದ ಹಾಗೆಯೇ ಪೂರ್ತಿ ಅಪ್‌ಡೇಟ್ ಕೊಟ್ಟೆ. ಕರ್ನಲ್ ಸೇರಿ ಇನ್ನೂರಕ್ಕೂ ಹೆಚ್ಚು ಪ್ಯಾಕೇಜ್ ಬಂದವು, ಒಂದೂ ದೋಷವಿಲ್ಲ.

ಸಂಜೆ ಪೆನ್‌ಡ್ರೈವ್ ಚುಚ್ಚಿದರೆ ತೆರೆಯಲಿಲ್ಲ. ಕರ್ನಲ್ ಬದಲಾದ ಮೇಲೆ ರೀಬೂಟ್ ಮಾಡುವವರೆಗೆ ಹೀಗಾಗುವುದುಂಟು. ಓಡುತ್ತಿರುವುದು ಹಳೆಯ ಕರ್ನಲ್, ಅದರ ಮಾಡ್ಯೂಲ್‌ಗಳು (ಬೇಕಾದಾಗ ಎತ್ತಿಕೊಳ್ಳುವ ಡ್ರೈವರ್‌ನಂಥ ತುಣುಕುಗಳು) ಡ್ರೈವ್‌ನಿಂದ ಹೋಗಿರುತ್ತವೆ. ರೀಬೂಟ್ ಮಾಡಿದೆ.

ವೈ-ಫೈ ಇಲ್ಲ. ಸೌಂಡ್ ಇಲ್ಲ. ಟಚ್‌ಪ್ಯಾಡ್ ಸತ್ತಿತ್ತು. ಪೆನ್‌ಡ್ರೈವ್ ಈಗಲೂ ತೆರೆಯಲಿಲ್ಲ. ಕೀಬೋರ್ಡ್ ಮಾತ್ರ ಕೆಲಸ ಮಾಡುತ್ತಿತ್ತು, ಪರದೆ ಎಂದಿನಂತೆ ಬೆಳಗುತ್ತಿತ್ತು.

ಮೊದಲ ಒಂದು ಗಂಟೆ ದಂಡ. ಹೊಸ ಕರ್ನಲ್ ಕೆಟ್ಟಿದೆ ಎಂದು ಗಟ್ಟಿಯಾಗಿ ನಂಬಿ, ವೈ-ಫೈ ಫರ್ಮ್‌ವೇರ್ ಹಿಂದೆ ಬಿದ್ದೆ. ಪ್ಯಾಕ್‌ಮ್ಯಾನ್ ಹಳೆಯ ಪ್ಯಾಕೇಜ್‌ಗಳನ್ನು ಕ್ಯಾಶ್‌ನಲ್ಲಿ ಉಳಿಸಿರುತ್ತದೆ, ಅಲ್ಲಿಂದ ಹಳೆಯ ಫರ್ಮ್‌ವೇರ್ ಹಾಕಿ ನೋಡಿದೆ. ಫಲವಿಲ್ಲ. ಆಮೇಲೆ, ಹೊಸ ಕರ್ನಲ್ ಯಾವ ಆವೃತ್ತಿ ಎಂದು ಬರೆದಿಟ್ಟುಕೊಳ್ಳೋಣವೆಂದು ಯುನೇಮ್ ಕಮಾಂಡ್ ಕೊಟ್ಟೆ. ಬಂದದ್ದು ಹಳೆಯ ಆವೃತ್ತಿ. ಮಾಡ್ಯೂಲ್‌ಗಳ ಫೋಲ್ಡರ್ ನೋಡಿದರೆ ಅಲ್ಲಿ ಹೊಸ ಆವೃತ್ತಿಯದು ಒಂದೇ.

ಅಂದರೆ ಕೆಟ್ಟ ಕರ್ನಲ್ ಅಲ್ಲ, ಬಂದೇ ಇಲ್ಲದ ಕರ್ನಲ್. ಇಎಸ್‌ಪಿಯನ್ನು ನೋಡೋಣವೆಂದು ಬೂಟ್ ಫೋಲ್ಡರ್‌ಗೆ ಕೈಯಾರೆ ಮೌಂಟ್ ಮಾಡಹೊರಟೆ. ವಿಫ್ಯಾಟ್ ಎಂಬ ಫೈಲ್‌ಸಿಸ್ಟಂ ನನಗೆ ಗೊತ್ತಿಲ್ಲ ಎಂದು ಉತ್ತರ ಬಂತು. ಇಎಸ್‌ಪಿಯ ಫ್ಯಾಟ್32 ಓದಲು ಬೇಕಾದ ವಿಫ್ಯಾಟ್ ಕೂಡ ಒಂದು ಮಾಡ್ಯೂಲ್, ಅದೂ ಹೋಗಿತ್ತು. ಬೀಗದ ಕೈ ಪೆಟ್ಟಿಗೆಯೊಳಗೇ ಉಳಿದಿತ್ತು.

ಏನಾಗಿತ್ತು

ಆರ್ಚ್‌ನ ಕರ್ನಲ್ ಪ್ಯಾಕೇಜ್ ಎರಡು ಕಡೆ ಬಂದು ಕೂರುತ್ತದೆ. ಮಾಡ್ಯೂಲ್‌ಗಳು ರೂಟ್ ಪಾರ್ಟಿಷನ್‌ನಲ್ಲಿ. ಕರ್ನಲ್ ಇಮೇಜ್ ಮತ್ತು ಇನಿಟ್‌ರ‍್ಯಾಮ್‌ಎಫ್‌ಎಸ್ (ರೂಟ್ ತೆರೆಯುವವರೆಗೆ ಕೆಲಸ ಮಾಡುವ ಪುಟ್ಟ ವ್ಯವಸ್ಥೆ) ಬೂಟ್ ಫೋಲ್ಡರ್‌ನಲ್ಲಿ, ಅಂದರೆ ನನ್ನ ವಿನ್ಯಾಸದಲ್ಲಿ ಇಎಸ್‌ಪಿಯ ಮೇಲೆ. ಆದರೆ ಮೊದಲ ರಾತ್ರಿಯಿಂದಲೂ ಇಎಸ್‌ಪಿ ಅಲ್ಲಿ ಮೌಂಟ್ ಆಗಿರಲೇ ಇಲ್ಲ. ತಪ್ಪು ಯುಯುಐಡಿ, ಮೇಲೆ ನೋಫೇಲ್. ಸಿಸ್ಟಂಡಿ-ಬೂಟ್‌ಗೆ ಎಫ್‌ಎಸ್‌ಟ್ಯಾಬ್ ಬೇಕಿಲ್ಲ. ಅದನ್ನು ಫರ್ಮ್‌ವೇರ್ ನೇರವಾಗಿ ಇಎಸ್‌ಪಿಯಿಂದ ಎತ್ತಿಕೊಳ್ಳುತ್ತದೆ. ಹಾಗಾಗಿ 23 ದಿನ ಬೂಟ್ ಸಲೀಸಾಗಿ ಆಯಿತು. ಅಪ್‌ಡೇಟ್ ಬಂದಾಗ ಪ್ಯಾಕ್‌ಮ್ಯಾನ್ ಹೊಸ ಕರ್ನಲನ್ನು ರೂಟ್‌ನಲ್ಲಿದ್ದ ಖಾಲಿ ಬೂಟ್ ಫೋಲ್ಡರ್‌ಗೆ ಪ್ರಾಮಾಣಿಕವಾಗಿ ಬರೆಯಿತು. ಬೂಟ್‌ಲೋಡರ್ ಅತ್ತ ನೋಡುವುದೇ ಇಲ್ಲ. ಅದು ಇಎಸ್‌ಪಿಯ ಹಳೆಯ ಕರ್ನಲನ್ನೇ ಎಬ್ಬಿಸಿತು. ಹಳೆಯ ಇನಿಟ್‌ರ‍್ಯಾಮ್‌ಎಫ್‌ಎಸ್‌ನೊಳಗೆ ರೂಟ್ ತೆರೆಯಲು ಬೇಕಾದಷ್ಟು, ಕೀಬೋರ್ಡ್ ಮತ್ತು ಪರದೆಗೆ ಬೇಕಾದಷ್ಟು ಮಾಡ್ಯೂಲ್‌ಗಳಿದ್ದವು. ಅದಕ್ಕೇ ಲಾಗಿನ್‌ವರೆಗೆ ಬಂತು. ಅಲ್ಲಿಂದಾಚೆ ಏನು ಕೇಳಿದರೂ ಅದರ ಆವೃತ್ತಿಯ ಫೋಲ್ಡರ್ ಇಲ್ಲ.

ಮಿಂಟ್‌ನಲ್ಲಿ ಇದೇ ಎಡವಟ್ಟು ಮಾಡಿದ್ದರೂ ಇಷ್ಟು ಬೀಳುತ್ತಿರಲಿಲ್ಲ. ಅಲ್ಲಿ ಪ್ರತಿ ಕರ್ನಲ್ ಆವೃತ್ತಿಯೂ ಬೇರೆ ಹೆಸರಿನ ಪ್ಯಾಕೇಜ್. ಹೊಸದು ಬಂದಾಗ ಹಿಂದಿನದು ತನ್ನ ಮಾಡ್ಯೂಲ್‌ಗಳ ಸಮೇತ ಪಕ್ಕದಲ್ಲೇ ಉಳಿಯುತ್ತದೆ, ಗ್ರಬ್ ಎಂಬ ಬೂಟ್‌ಲೋಡರ್‌ನ ಮೆನುವಿನಲ್ಲಿ ಅದಕ್ಕೊಂದು ಸಾಲಿರುತ್ತದೆ. ಆರ್ಚ್‌ನಲ್ಲಿ ಹೆಸರು ಒಂದೇ, ಹೊಸದು ಹಳೆಯದರ ಜಾಗದಲ್ಲೇ ಕೂರುತ್ತದೆ. ಸರಳ ಹೌದು. ಸರಳತೆಯ ಬೆಲೆಯೂ ಹೌದು.

ದುರಸ್ತಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ರೂಟ್ ಮೌಂಟ್ ಮಾಡಿ, ದಾರಿ ತಪ್ಪಿ ಬಂದು ಕೂತಿದ್ದ ಫೈಲ್‌ಗಳನ್ನು ಬೂಟ್ ಫೋಲ್ಡರ್‌ನಿಂದ ಅಳಿಸಿ, ಆಮೇಲೆ ಅದರ ಮೇಲೆ ಇಎಸ್‌ಪಿ ಮೌಂಟ್ ಮಾಡಿದೆ. ಬಿಎಲ್‌ಕೆಐಡಿ ಕಮಾಂಡ್ ತೋರಿಸಿದ ಯುಯುಐಡಿಯನ್ನು ಎಫ್‌ಎಸ್‌ಟ್ಯಾಬ್‌ಗೆ ಬರೆದೆ, ನೋಫೇಲ್ ಕಿತ್ತೆ, ಕ್ರೂಟ್ ಮಾಡಿ ಕರ್ನಲ್ ಪ್ಯಾಕೇಜನ್ನು ಮತ್ತೆ ಹಾಕಿದೆ. ಈ ಸಲ ಮಾರ್ಗದರ್ಶಿಯನ್ನು ಮೇಲಿನಿಂದ ಓದಲಿಲ್ಲ.

ಎದ್ದ ಮೇಲೆ ಜರ್ನಲ್ (ವ್ಯವಸ್ಥೆಯ ದಿನಚರಿ) ತೆಗೆದು ಹಿಂದಿನ ಬೂಟ್‌ಗಳನ್ನು ನೋಡಿದೆ. 23 ದಿನಗಳ ಪ್ರತಿಯೊಂದು ಬೂಟ್‌ನಲ್ಲೂ ಅದೇ ಎರಡು ಸಾಲು: ಡಿವೈಸ್‌ಗಾಗಿ ಕಾದು ಗಡುವು ಮುಗಿಯಿತು, ಬೂಟ್ ಫೋಲ್ಡರ್ ಮೌಂಟ್ ಆಗಲಿಲ್ಲ. ಕೆಂಪು ಅಕ್ಷರದಲ್ಲಿ. ಪಾಪ, ಅದು ದಿನಾ ಹೇಳುತ್ತಲೇ ಇತ್ತು.

ಬದಲಾದದ್ದು

ಎಲ್‌ಟಿಎಸ್ (ದೀರ್ಘಕಾಲ ತೇಪೆ ಸಿಗುವ) ಕರ್ನಲನ್ನೂ ಹಾಕಿ ಬೂಟ್ ಮೆನುವಿನಲ್ಲಿ ಎರಡನೇ ಸಾಲಾಗಿ ಇಟ್ಟಿದ್ದೇನೆ. ಅವತ್ತಿನ ತೊಂದರೆಗೆ ಅದು ಪೂರ್ತಿ ಮದ್ದಲ್ಲ. ಒಂದೇ ಅಪ್‌ಡೇಟ್‌ನಲ್ಲಿ ಎರಡೂ ಬದಲಾದರೆ, ಬೂಟ್ ಫೋಲ್ಡರ್ ಮೌಂಟ್ ಆಗದಿದ್ದರೆ, ಎರಡೂ ಮಲಗುತ್ತವೆ. ಆದರೆ ನಿಜಕ್ಕೂ ಕೆಟ್ಟ ಕರ್ನಲ್ ಬಂದ ದಿನ ಬೇಕಾಗುತ್ತದೆ. ವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ಮರಳಿಸುವ ಟೈಮ್‌ಶಿಫ್ಟ್ ಕೂಡ ಇದೆ, ಇಎಕ್ಸ್‌ಟಿ4 ಆದ್ದರಿಂದ ಆರ್‌ಸಿಂಕ್ ವಿಧಾನದಲ್ಲಿ, ಅಂದರೆ ಫೈಲ್‌ಗಳ ನಕಲಾಗಿ.

ಅಪ್‌ಡೇಟ್ ವಾರಕ್ಕೊಮ್ಮೆ, ಕೈಯಲ್ಲಿ ತುರ್ತು ಕೆಲಸ ಇಲ್ಲದ ಹೊತ್ತು ನೋಡಿ. ಅದಕ್ಕೂ ಮೊದಲು ಆರ್ಚ್‌ನ ಮುಖಪುಟದ ಸುದ್ದಿ ಓದುತ್ತೇನೆ. ಇದನ್ನು ಶಿಷ್ಟಾಚಾರ ಎಂದುಕೊಂಡಿದ್ದೆ, ಹಾಗಲ್ಲ. 2025ರ ಜೂನ್‌ನಲ್ಲಿ ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜನ್ನು ಹಲವು ಭಾಗವಾಗಿ ಒಡೆದಾಗ, ಎನ್‌ವಿಡಿಯ ಫರ್ಮ್‌ವೇರ್‌ನ ಫೈಲ್‌ಗಳು ಜಾಗ ಬದಲಿಸಿದ್ದರಿಂದ ಮಾಮೂಲಿ ಅಪ್‌ಡೇಟ್ ದೋಷ ಕೊಟ್ಟು ನಿಲ್ಲುತ್ತಿತ್ತು. ಹಳೆಯದನ್ನು ಮೊದಲು ತೆಗೆದು ಆಮೇಲೆ ಅಪ್‌ಡೇಟ್ ಮಾಡಿ ಎಂಬ ಸೂಚನೆ ಅಲ್ಲಿತ್ತು. ಓದಿದವರಿಗೆ ಎರಡು ಕಮಾಂಡ್‌ನ ಕೆಲಸ, ಓದದವರಿಗೆ ಅರ್ಧ ದಿನದ್ದು. ಅಪ್‌ಡೇಟ್ ಆದ ಮೇಲೆ ಪ್ಯಾಕ್‌ಡಿಫ್ ಓಡಿಸುತ್ತೇನೆ. ನಾವು ತಿದ್ದಿದ ಕಾನ್ಫಿಗ್ ಫೈಲನ್ನು ಪ್ಯಾಕ್‌ಮ್ಯಾನ್ ಅಳಿಸದೆ, ಹೊಸದನ್ನು ಪ್ಯಾಕ್‌ನ್ಯೂ ಎಂಬ ಬಾಲ ಸೇರಿಸಿ ಪಕ್ಕದಲ್ಲಿಟ್ಟು ಹೋಗಿರುತ್ತದೆ. ಅದನ್ನೂ ಯಾರೂ ಬಂದು ಹೇಳುವುದಿಲ್ಲ, ಇನ್‌ಸ್ಟಾಲ್ ಹೊತ್ತಿಗೆ ಹಾದುಹೋಗುವ ಒಂದು ಸಾಲಿನ ಹೊರತು.

ಎಯುಆರ್, ಅಂದರೆ ಆರ್ಚ್ ಬಳಕೆದಾರರ ಭಂಡಾರದ ಬಗ್ಗೆ ನನ್ನ ಧೋರಣೆ ಗಟ್ಟಿಯಾಗಿದೆ. ಅಲ್ಲಿರುವುದು ಬಳಕೆದಾರರು ಬರೆದ ಪಿಕೆಜಿಬಿಲ್ಡ್‌ಗಳು, ಅಂದರೆ ಪ್ಯಾಕೇಜ್ ಕಟ್ಟುವ ಬ್ಯಾಷ್ ಸ್ಕ್ರಿಪ್ಟ್‌ಗಳು. ಯಾರು ಬೇಕಾದರೂ ಏರಿಸಬಹುದು. 2025ರ ಜುಲೈನಲ್ಲಿ ಬ್ರೌಸರ್‌ಗಳ ಹೆಸರು ಹೊತ್ತ ಮೂರು ಪ್ಯಾಕೇಜ್‌ಗಳಲ್ಲಿ ದೂರದಿಂದ ಯಂತ್ರವನ್ನು ಹಿಡಿತಕ್ಕೆ ತೆಗೆದುಕೊಳ್ಳುವ ಟ್ರೋಜನ್ ಇತ್ತು, ಪತ್ತೆಯಾದ ಮೇಲೆ ತೆಗೆದುಹಾಕಿದರು. ನನ್ನಲ್ಲಿ ಈಗ ಎಯುಆರ್‌ನಿಂದ ಬಂದವು ನಾಲ್ಕು. ಪ್ರತಿ ಸಲವೂ ಸ್ಕ್ರಿಪ್ಟ್ ತೆರೆದು, ಸೋರ್ಸ್ ಎಲ್ಲಿಂದ ಬರುತ್ತಿದೆ, ಹಿಂದಿನದಕ್ಕಿಂತ ಏನು ಬದಲಾಗಿದೆ ಎಂದು ನೋಡಿಯೇ ಮುಂದೆ. ಐದನೆಯದು ಬೇಕೆನಿಸಿದಾಗ ಮೊದಲು ಫ್ಲ್ಯಾಟ್‌ಪ್ಯಾಕ್ ಹುಡುಕುತ್ತೇನೆ.

ಮತ್ತೆ, ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಒಂದು ಪಠ್ಯ ಫೈಲ್. ನಾನಾಗಿ ಕೇಳಿ ಹಾಕಿಸಿಕೊಂಡ ಪ್ಯಾಕೇಜ್‌ಗಳ ಪಟ್ಟಿಯನ್ನು ಪ್ಯಾಕ್‌ಮ್ಯಾನ್ ಒಂದು ಕಮಾಂಡ್‌ಗೆ ಕೊಡುತ್ತದೆ. ಆ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಏಕೆ ಎಂದು ಒಂದೊಂದು ಸಾಲು ಬರೆದಿದ್ದೇನೆ. 'ಸೋಫ್-ಫರ್ಮ್‌ವೇರ್: ಮೈಕ್‌ಗೆ.' 'ನೋಟೊ: ಚೌಕ ಹೋಗಲು.' ಒಟ್ಟು ಎಂಟುನೂರರ ಆಸುಪಾಸು ಪ್ಯಾಕೇಜ್‌ಗಳಲ್ಲಿ ನಾನು ಕೇಳಿದವು ನೂರಹದಿನಾಲ್ಕು. ಆರು ವರ್ಷ ಮಿಂಟ್‌ನಲ್ಲಿ ಕೊಡಲಾಗದ ಲೆಕ್ಕ ಇದು. ಬಂದದ್ದು ಇದಕ್ಕೇ ಆದ್ದರಿಂದ, ಆ 23ನೇ ದಿನದ ಸಂಜೆಯನ್ನೂ ಸೇರಿಸಿ, ನನಗೆ ನಷ್ಟವಾಗಿಲ್ಲ.

ಬೇರೆಯವರಿಗೆ ಹೇಳುತ್ತೇನೆಯೇ? ಕೇಳಿದವರಿಗೆ ಮೊದಲು ಕೇಳುವುದು, ಹಾಳಾದ ದಿನ ಕೆಲಸ ಮಾಡಲು ಇನ್ನೊಂದು ಯಂತ್ರ ಇದೆಯೇ ಎಂದು. ಇಲ್ಲವಾದರೆ ಇರುವಲ್ಲೇ ಇರಿ, ವರ್ಚುವಲ್ ಮಷೀನ್‌ನಲ್ಲಿ ಒಮ್ಮೆ ಆರ್ಚ್ ಹಾಕಿ ನೋಡಿ. ಹೊಸ ಪ್ಯಾಕೇಜ್‌ಗಳು ಮಾತ್ರ ಬೇಕೆಂದರೆ ಫೆಡೋರಾ ಎಂಬ ಡಿಸ್ಟ್ರೊ ಸಾಕು. ಆರ್ಚ್ ಬೇಕು, ಆದರೆ ಮೊದಲ ರಾತ್ರಿ ಬೇಡ ಎನ್ನುವವರಿಗೆ ಆರ್ಚ್‌ಇನ್‌ಸ್ಟಾಲ್ ಇದೆ, ಆರ್ಚ್ ಮೇಲೆ ಕಟ್ಟಿದ ಎಂಡೆವರ್‌ಓಎಸ್ ಇದೆ. ಅವನ್ನು ಬಳಸುವುದು ಅಡ್ಡದಾರಿ ಎಂಬ ಹಮ್ಮು ನನಗೀಗ ಇಲ್ಲ. ಮನೆಯ ಇನ್ನೊಂದು ಲ್ಯಾಪ್‌ಟಾಪ್‌ನಲ್ಲಿ ಮಿಂಟ್ ಇದೆ, ಅದನ್ನು ಬಳಸುವವರು ಅದರೊಳಗೆ ಏನಿದೆ ಎಂದು ಒಂದು ದಿನವೂ ಕೇಳಿಲ್ಲ. ಅದನ್ನು ಬದಲಿಸುವ ಯೋಚನೆ ನನಗಿಲ್ಲ.

ಒಂದು ತಕರಾರು ಹಾಗೇ ಉಳಿದಿದೆ. ಲ್ಯಾಪ್‌ಟಾಪನ್ನು ಮಲಗಿಸಿ (ಸಸ್ಪೆಂಡ್ ಮಾಡಿ) ಎಬ್ಬಿಸಿದಾಗ ಹತ್ತರಲ್ಲಿ ಒಮ್ಮೆ ಬ್ಲೂಟೂತ್ ಹೆಡ್‌ಫೋನ್ ಮತ್ತೆ ಕೂಡಿಕೊಳ್ಳುವುದಿಲ್ಲ. ಎದ್ದ ಕೂಡಲೇ ಸರ್ವಿಸನ್ನು ರೀಸ್ಟಾರ್ಟ್ ಮಾಡುವ ಎರಡು ಸಾಲಿನ ಸ್ಕ್ರಿಪ್ಟ್ ಬರೆದರೆ ಹೋಗುತ್ತದೆ, ಬರೆದೂ ಇದ್ದೆ. ಅಳಿಸಿದೆ. ಅದರ ಬದಲು, ಅದು ತಪ್ಪಿದಾಗಲೆಲ್ಲ ಜರ್ನಲ್‌ನ ಆ ಹೊತ್ತಿನ ಸಾಲುಗಳನ್ನು ಆ ಪಠ್ಯ ಫೈಲಿನ ಕೆಳಗೆ ಅಂಟಿಸುತ್ತಿದ್ದೇನೆ. ಈವರೆಗೆ ಏಳು ಸಲ ಆಗಿದೆ.